ಹಿಮವು ಹಾಕುತ್ತಿದ್ದ ಚಿಲಕ

ಶ್ರಾವಣದ ಒಂದು ಬೆಳಗು. ಮನಾಲಿಯಿಂದ ಹೊರಟ ಬಸ್ಸು ದೇವದಾರು ವೃಕ್ಷಗಳ ನಡುವೆ ಸುತ್ತಿ ಸುತ್ತಿ ಏರುತ್ತಿರುವಾಗ ಮಳೆ ಜಿನುಗುತ್ತಲೇ ಇರುತ್ತದೆ. ಕಿಟಕಿಯ ಗಾಜಿಗೆ ಒಳಗಿನಿಂದ ಉಸಿರೂ ಹೊರಗಿನಿಂದ ಹನಿಯೂ ಕವಿದು, ಕೆಳಗೆ ಹರಿಯುವ ಬಿಯಾಸ್ ನದಿ ಕಣ್ಣಿಗೆ ಬೀಳದೆ ಅದರ ಮೊರೆತವಷ್ಟೇ ಕಿವಿಗೆ ಬೀಳುತ್ತದೆ. ಇಪ್ಪತ್ತೈದು ಕಿಲೋಮೀಟರುಗಳಷ್ಟು ಸಾಗಿದ ಮೇಲೆ, ಬೆಟ್ಟದ ಬುಡದಲ್ಲಿ ಕುದುರೆಯ ಲಾಳದ ಆಕಾರದ ಒಂದು ಬಾಯಿ ತೆರೆದಿರುವುದು ಕಾಣುತ್ತದೆ. ಬಸ್ಸು ಅದರೊಳಗೆ ಹೊಕ್ಕೊಡನೆ ಮಳೆಯ ಸದ್ದು ಅಡಗಿ, ದೀಪಗಳ ಸಾಲೊಂದು ಹಿಂದಕ್ಕೆ ಓಡತೊಡಗುತ್ತದೆ. ಹರಟುತ್ತಿದ್ದವರು ಏಕೋ ಮಾತು ನಿಲ್ಲಿಸುತ್ತಾರೆ.

ಹತ್ತು ಹನ್ನೆರಡು ನಿಮಿಷಗಳ ತರುವಾಯ ಬಸ್ಸು ಮತ್ತೆ ಹಗಲಿಗೆ ಬಂದಾಗ, ಇದು ಬೇರೊಂದು ದೇಶವೋ ಎಂಬ ಭ್ರಮೆ ಹುಟ್ಟದೆ ಇರದು. ನಿರಭ್ರವಾದ ಆಕಾಶ, ಕಣ್ಣು ಕುಕ್ಕುವ ಬಿಸಿಲು, ಮರವೊಂದೂ ಇಲ್ಲದ ಕಂದು ಬಣ್ಣದ ಬೆಟ್ಟಗಳು, ಅವುಗಳ ಹೆಗಲಿನ ಮೇಲೆ ಹಾಸಿದ ಹಿಮ, ಬೂದಿ ಕಲಸಿದಂತಹ ನೀರನ್ನು ಹೊತ್ತು ಧಾವಿಸುವ ಚಂದ್ರಾ ನದಿ. ಆ ನದಿಯ ದಡದಲ್ಲಿ ಬಟಾಣಿ, ಆಲೂಗಡ್ಡೆ, ಹೂಕೋಸುಗಳ ಹಸುರು ಮಡಿಗಳ ನಡುವೆ, ವಿಲೋ ಮರಗಳ ಸಾಲಿನ ಹಿಂದೆ, ಚಪ್ಪಟೆ ಮಾಡಿನ ಮನೆಗಳ ಒಂದು ಗ್ರಾಮ. ಅದೇ ಸಿಸ್ಸು; ಹಿಮಾಚಲ ಪ್ರದೇಶದ ಲಾಹೌಲ್ ಕಣಿವೆಗೆ ಈಗ ಹೆಬ್ಬಾಗಿಲಿನಂತಿರುವ ಊರು.

ಆಗುಂಬೆಯ ಮಳೆಯಲ್ಲಿ ನೆನೆದು ಹೊರಟವನು ಬಯಲುಸೀಮೆಯ ಒಣಬಿಸಿಲನ್ನು ಮುಟ್ಟಬೇಕಾದರೆ ಅರ್ಧ ದಿನದ ದಾರಿಯನ್ನಾದರೂ ಸವೆಸಬೇಕು; ನಡುವೆ ಅರಣ್ಯವು ತೆಳುವಾಗುವುದನ್ನೂ, ಅಡಕೆ ಹೋಗಿ ಜೋಳ ಬರುವುದನ್ನೂ ಅವನು ನೋಡುತ್ತ ಬರುತ್ತಾನೆ. ಇಲ್ಲಿ ಆ ನಡುವಿನ ದಾರಿಯೇ ಇಲ್ಲ. ಮಳೆಮೋಡಗಳನ್ನು ತಡೆದು ನಿಲ್ಲಿಸುವ ಪೀರ್ ಪಂಜಾಲ್ ಪರ್ವತಶ್ರೇಣಿಯನ್ನು ಹತ್ತದೆ ಇಳಿಯದೆ, ಅದರ ಹೊಟ್ಟೆಯನ್ನೇ ಭೇದಿಸಿ ದಾಟಿಬಿಟ್ಟಿರುತ್ತೇವೆ. ಹೀಗೆ ದಾಟುವಂತಾದುದರಿಂದ ಆಚೆಯ ಊರಿಗೆ ಏನಾಯಿತು ಎಂಬುದನ್ನು ತಿಳಿಯಲು, ದಾಟಲಾಗದಿದ್ದ ಕಾಲದಿಂದ ಆರಂಭಿಸುವುದೇ ಯುಕ್ತ.

ಹೆಣಗಳ ರಾಶಿ ಎಂಬ ಹೆಸರು

ಸುರಂಗದ ನೆತ್ತಿಯ ಮೇಲೆ, 3,978 ಮೀಟರ್ ಎತ್ತರದಲ್ಲಿ, ರೋಹ್ತಾಂಗ್ ಘಾಟಿಯಿದೆ. ನಮ್ಮ ಮುಳ್ಳಯ್ಯನಗಿರಿಯ ಮೇಲೆ ಇನ್ನೊಂದು ಮುಳ್ಳಯ್ಯನಗಿರಿಯನ್ನು ಇಟ್ಟರೆ ಹೆಚ್ಚು ಕಡಮೆ ಅಷ್ಟು ಎತ್ತರವಾದೀತು. ಟಿಬೆಟನ್ ಮೂಲದ ಆ ಹೆಸರಿಗೆ ಹೆಣಗಳ ರಾಶಿ ಎಂದು ಅರ್ಥ ಹೇಳುತ್ತಾರೆ. ಬೆಳಗ್ಗೆ ತಿಳಿಯಾಗಿದ್ದ ಆಕಾಶ ಮಧ್ಯಾಹ್ನದೊಳಗೆ ಕೆರಳಿ, ಹಿಮಗಾಳಿಯೆದ್ದು, ದಾರಿಯನ್ನೂ ದಾರಿಹೋಕನನ್ನೂ ಒಂದೇ ಬಿಳುಪಿನಲ್ಲಿ ಅಳಿಸಿಬಿಡುವ ಸ್ಥಳ ಅದು. ವರ್ತಕರು, ಕುರಿಗಾಹಿಗಳು, ರಸ್ತೆ ಕಡಿಯಲು ಬಂದ ಕೂಲಿಕಾರರು, ಎಷ್ಟೋ ಮಂದಿ ಅಲ್ಲಿ ಉಳಿದುಹೋದರು.

ಸಾಧಾರಣವಾಗಿ ಕಾರ್ತಿಕದ ಹೊತ್ತಿಗೆ ಹಿಮ ಬಿದ್ದು ಘಾಟಿ ಮುಚ್ಚಿದರೆ, ಮತ್ತೆ ತೆರೆಯುತ್ತಿದ್ದುದು ವೈಶಾಖದ ನಂತರ. ವರ್ಷದಲ್ಲಿ ಐದಾರು ತಿಂಗಳು ಲಾಹೌಲಿಗೂ ಹೊರಗಿನ ಪ್ರಪಂಚಕ್ಕೂ ಇದ್ದ ಸಂಬಂಧವೆಂದರೆ ಹವೆ ಅನುಕೂಲಿಸಿದ ದಿನ ಹಾರುತ್ತಿದ್ದ ಸರ್ಕಾರದ ಹೆಲಿಕಾಪ್ಟರ್ ಮಾತ್ರ. ಅದರಲ್ಲಿ ಜಾಗ ಸಿಗದವರು, ಸಿಗುವವರೆಗೆ ಕಾಯಲಾಗದವರು, ಕಾಲ್ನಡಿಗೆಯಲ್ಲಿ ಘಾಟಿಯನ್ನು ಹತ್ತುತ್ತಿದ್ದರು. ಅಂಥವರಿಗಾಗಿ ಈಚೆಯ ಮಢಿಯಲ್ಲಿಯೂ ಆಚೆಯ ಕೋಕ್ಸರಿನಲ್ಲಿಯೂ ರಕ್ಷಣಾ ಠಾಣೆಗಳಿದ್ದವು.

ವಿಸ್ತೀರ್ಣದಲ್ಲಿ ಲಾಹೌಲ್-ಸ್ಪಿತಿ ಜಿಲ್ಲೆ ನಮ್ಮ ಬೆಳಗಾವಿ ಜಿಲ್ಲೆಗಿಂತ ತುಸು ದೊಡ್ಡದೇ. ಆದರೆ 2011ರ ಜನಗಣತಿಯಲ್ಲಿ ಬೆಳಗಾವಿಯ ಜನಸಂಖ್ಯೆ 47 ಲಕ್ಷವನ್ನು ಮೀರಿದ್ದರೆ, ಲಾಹೌಲ್-ಸ್ಪಿತಿಯದು 31,564. ಇಷ್ಟು ಸ್ವಲ್ಪ ಮಂದಿ ಇಷ್ಟು ದೊಡ್ಡ ಬೆಟ್ಟಗಳ ಸಂದಿಯಲ್ಲಿ, ಅರ್ಧ ವರ್ಷ ಕದ ಮುಚ್ಚಿಕೊಂಡು ಬದುಕಿದರು ಎಂಬುದನ್ನು ನೆನಪಿನಲ್ಲಿಟ್ಟರೆ ಮುಂದಿನ ಕಥೆಯೆಲ್ಲ ಸುಲಭವಾಗಿ ಅರ್ಥವಾಗುತ್ತದೆ.

ಮುಚ್ಚಿದ ಮನೆಯೊಳಗೆ

ಲಾಹೌಲಿನ ಹಳೆಯ ಮನೆಯೇ ಆ ಚಳಿಗಾಲಕ್ಕೆ ಒಂದು ವ್ಯಾಖ್ಯಾನದಂತಿದೆ. ಗೋಡೆ ಕಲ್ಲು ಮಣ್ಣುಗಳದು, ದಪ್ಪನಾದುದು, ಕಿಟಕಿ ಚಿಕ್ಕದು, ಮಾಡು ಚಪ್ಪಟೆ. ಆ ಮಾಡಿನ ಅಂಚಿನಲ್ಲಿ ಬೇಸಗೆಯುದ್ದಕ್ಕೂ ಹುಲ್ಲನ್ನೂ ಸೌದೆಯನ್ನೂ ಒಟ್ಟುತ್ತಾರೆ. ಹಿಮ ಬೀಳುವ ವೇಳೆಗೆ ಅದು ಮನೆಗೆ ಸುತ್ತಿದ ಕಂಬಳಿಯಂತೆ ಕಾಣುತ್ತದೆ. ಒಳಗಿನ ಕೋಣೆಯ ನಟ್ಟನಡುವೆ ತಗಡಿನ ಒಲೆ. ಅದರ ಹೊಗೆಗೊಳವೆ ಮಾಡನ್ನು ತೂರಿ ಮೇಲಕ್ಕೆ ಹೋಗಿರುತ್ತದೆ. ಆ ಒಲೆಯ ಸುತ್ತ ಮನೆಮಂದಿಯೆಲ್ಲ ಕುಳಿತು ನೂಲುವುದು, ಹೆಣೆಯುವುದು, ಕಥೆ ಹೇಳುವುದು, ಬಾರ್ಲಿಯ ಹಿಟ್ಟಿನಲ್ಲಿ ಅಡುಗೆ ಮಾಡುವುದು.

ಆ ಹೆಣಿಗೆಯ ಕಾಲುಚೀಲವನ್ನು ಕೈಯಲ್ಲಿ ಹಿಡಿದು ನೋಡಬೇಕು. ಪಾದದ ಭಾಗ ಸಾದಾ. ಕಣಕಾಲಿನ ಮೇಲೆ ಮಾತ್ರ ಕೆಂಪು, ಹಸುರು, ಹಳದಿ, ನೀಲಿಗಳ ಚೌಕುಳಿ ಪಟ್ಟಿ. ಬೂಟಿನೊಳಗೆ ಅಡಗುವ ಭಾಗಕ್ಕೆ ಬಣ್ಣ ವ್ಯರ್ಥವೆಂದು ಬಲ್ಲವರ ಮಿತವ್ಯಯವೂ, ಬಿಳಿಯೊಂದೇ ಬಣ್ಣವಾಗಿ ಉಳಿದ ಆರು ತಿಂಗಳಲ್ಲಿ ಕಣ್ಣು ಹಸಿದವರ ವರ್ಣದಾಹವೂ ಅದರಲ್ಲಿ ಒಟ್ಟಿಗೆ ಹೆಣೆದುಕೊಂಡಿವೆ. ಹತ್ತೊಂಬತ್ತನೆಯ ಶತಮಾನದಲ್ಲಿ ಜಿಲ್ಲಾಕೇಂದ್ರವಾದ ಕೇಲಾಂಗಿನಲ್ಲಿ ನೆಲೆಸಿದ ಮೊರಾವಿಯನ್ ಪಂಥದ ಕ್ರೈಸ್ತ ಪಾದ್ರಿಗಳ ಕುಟುಂಬದವರು ಈ ಹೆಣಿಗೆಯನ್ನು ಕಲಿಸಿದರು. ಆಲೂಗಡ್ಡೆಯನ್ನು ತಂದವರೂ ಅವರೇ ಎಂಬುದು ಪ್ರತೀತಿ. ಈಗ ಲಾಹೌಲಿನ ಕಾಲುಚೀಲ ಕೈಗವಸುಗಳಿಗೆ ಭೌಗೋಳಿಕ ಸೂಚಕದ ಮನ್ನಣೆ ದೊರೆತಿದೆ.

ಆದರೆ ಆ ಒಲೆಯ ಬೆಚ್ಚನೆಯ ಚಿತ್ರದಿಂದ ನಾವು ಮೋಸಹೋಗಬಾರದು. ಅದೇ ಕೋಣೆಯಲ್ಲಿ ಹೆರಿಗೆ ಕಷ್ಟವಾದ ತಾಯಿಯೂ ಇರುತ್ತಿದ್ದಳು, ಹೊಟ್ಟೆನೋವಿನಿಂದ ನರಳುವ ಮಗುವೂ ಇರುತ್ತಿತ್ತು. ಅವರಿಗೆ ದೊಡ್ಡ ಆಸ್ಪತ್ರೆಯೆಂದರೆ ಘಾಟಿಯಾಚೆಯ ಕುಲ್ಲುವಿನದು. 1979ರ ಮಾರ್ಚ್ ತಿಂಗಳಲ್ಲಿ ಹಿಮಪ್ರವಾಹಗಳು ಒಂದರ ಮೇಲೊಂದು ಕುಸಿದು ಇನ್ನೂರಕ್ಕೂ ಹೆಚ್ಚು ಜನರನ್ನು ಬಲಿತೆಗೆದುಕೊಂಡ ದುರಂತವನ್ನು ಕಣಿವೆ ಇನ್ನೂ ಮರೆತಿಲ್ಲ. ಹಿಮವು ಹೊರಗಿನಿಂದ ಹಾಕುತ್ತಿದ್ದ ಆ ಚಿಲಕ ಕಾವಲೂ ಆಗಿತ್ತು, ಸೆರೆಯೂ ಆಗಿತ್ತು.

ಬೆಟ್ಟವೇ ತನ್ನನ್ನು ಹೊರುವ ಬಗೆ

ಘಾಟಿಯ ಕೆಳಗೆ ಸುರಂಗ ತೋಡಬೇಕೆಂಬ ಮಾತು ಹಳೆಯದಾದರೂ, ಅದು ನಿರ್ಧಾರವಾದುದು 2000ದ ಜೂನ್ 3ರಂದು, ಅಟಲ್ ಬಿಹಾರಿ ವಾಜಪೇಯಿ ಪ್ರಧಾನಿಯಾಗಿದ್ದಾಗ. ಮನಾಲಿಯ ಸಮೀಪದ ಪ್ರೀಣಿ ಗ್ರಾಮದಲ್ಲಿ ಮನೆ ಮಾಡಿಕೊಂಡಿದ್ದ ಅವರ ಬಳಿಗೆ ಲಾಹೌಲಿನ ಹಳೆಯ ಗೆಳೆಯರೊಬ್ಬರು ಹೋಗಿ ಬೇಡಿಕೆ ಮುಂದಿಟ್ಟ ಸಂಗತಿಯನ್ನು ಕಣಿವೆಯ ಜನ ಇಂದಿಗೂ ಹೆಮ್ಮೆಯಿಂದ ಹೇಳುತ್ತಾರೆ. 2010ರ ಜೂನ್ 28ರಂದು ಸೋನಿಯಾ ಗಾಂಧಿಯವರು ಶಂಕುಸ್ಥಾಪನೆ ಮಾಡಿದರು. 2020ರ ಅಕ್ಟೋಬರ್ 3ರಂದು ಪ್ರಧಾನಿ ನರೇಂದ್ರ ಮೋದಿಯವರು ಉದ್ಘಾಟಿಸಿದರು. ಗಡಿ ರಸ್ತೆಗಳ ಸಂಸ್ಥೆಯ ಹೊಣೆಯಲ್ಲಿ, ಮೂರು ಸಾವಿರ ಕೋಟಿ ರೂಪಾಯಿಗೂ ಮಿಗಿಲಾದ ವೆಚ್ಚದಲ್ಲಿ ಸಿದ್ಧವಾದ ಈ 9.02 ಕಿಲೋಮೀಟರ್ ಮಾರ್ಗಕ್ಕೆ ಈಗ ಅಟಲ್ ಸುರಂಗವೆಂದು ಹೆಸರು.

ಹಿಮಾಲಯವು ಕಪ್ಪುಕಲ್ಲಿನ ಮುದ್ದೆಯಲ್ಲ. ಇನ್ನೂ ಬೆಳೆಯುತ್ತಿರುವ, ಒಳಗೊಳಗೇ ಮುರಿದು ಮಡಿಸಿಕೊಂಡಿರುವ ಪರ್ವತ. ಆದುದರಿಂದ ಇಲ್ಲಿ ಅನುಸರಿಸಿದ ಆಸ್ಟ್ರಿಯನ್ ಕ್ರಮದ ತತ್ತ್ವವೇನೆಂದರೆ, ಕಲ್ಲನ್ನು ಸ್ವಲ್ಪ ಸ್ವಲ್ಪವೇ ಸಿಡಿಸಿ, ತೆರೆದ ಮೈಗೆ ಕೂಡಲೆ ಕಾಂಕ್ರೀಟನ್ನು ರಭಸದಿಂದ ಎರಚಿ, ಉದ್ದನೆಯ ಉಕ್ಕಿನ ಸಲಾಕೆಗಳನ್ನು ಬಂಡೆಯ ಆಳಕ್ಕೆ ತೂರಿ ಬಿಗಿದು, ಬೆಟ್ಟವು ಎಷ್ಟು ಅಲುಗಿತೆಂದು ಕೂಲಂಕಷವಾಗಿ ಅಳೆದು ನೋಡಿ, ಆ ಮೇಲೆ ಮುಂದಿನ ಹೆಜ್ಜೆ ಇಡುವುದು. ಬೆಟ್ಟದ ಭಾರವನ್ನು ಬರಿಯ ಕಂಬ ಕಮಾನುಗಳ ಮೇಲೆ ಹೊರಿಸದೆ, ಸುತ್ತಣ ಬಂಡೆಯೂ ತನ್ನ ಪಾಲನ್ನು ಹೊರುವಂತೆ ಒಲಿಸಿಕೊಳ್ಳುವ ಉಪಾಯವಿದು.

ಒಲಿಯದ ಒಂದು ಜಾಗವಿತ್ತು. ಸೇರಿ ನಾಲಾ ಎಂಬ ತೊರೆ ಮೇಲೆ ಹರಿಯುವೆಡೆಯಲ್ಲಿ ಭೂಮಿಯ ಬಿರುಕೊಂದು ಸುರಂಗದ ದಾರಿಗೆ ಅಡ್ಡವಾಯಿತು. ಬಂಡೆಯ ಬದಲು ಕೆಸರೂ ಕಲ್ಲುಪುಡಿಯೂ ನೀರೂ ಬೆರೆತು ಒಳಕ್ಕೆ ನುಗ್ಗತೊಡಗಿದವು. 587 ಮೀಟರುಗಳ ಆ ಒಂದು ತುಂಡು ವರ್ಷಗಳನ್ನೇ ನುಂಗಿತು. ಅದನ್ನು ಗೆದ್ದು, 2017ರ ಅಕ್ಟೋಬರಿನಲ್ಲಿ ಎರಡು ಕಡೆಯ ಕೆಲಸಗಾರರೂ ನಡುವೆ ಸಂಧಿಸಿದರು. ಇನ್ನೊಂದು ವಿಪರ್ಯಾಸವನ್ನೂ ಇಲ್ಲಿ ಹೇಳಬೇಕು: ಉತ್ತರದ ಬಾಯಿಗೆ ಯಂತ್ರವೂ ಸಿಮೆಂಟೂ ಹೋಗಬೇಕಾಗಿದ್ದುದು ರೋಹ್ತಾಂಗಿನ ಮೇಲಿನಿಂದಲೇ. ಹೀಗಾಗಿ ಆ ಕಡೆಯ ಅಗೆತ ವರ್ಷದಲ್ಲಿ ಐದಾರು ತಿಂಗಳು ಮಾತ್ರ ನಡೆಯುತ್ತಿತ್ತು. ಘಾಟಿಯನ್ನು ನಿಷ್ಪ್ರಯೋಜಕವಾಗಿಸಲು ಹೊರಟ ಕಾಮಗಾರಿ ಎರಡು ಕಡೆಯೂ ಸಂಧಿಸುವವರೆಗೂ ಆ ಘಾಟಿಯ ಅಪ್ಪಣೆಯನ್ನು ಕೇಳಿಕೊಂಡೇ ನಡೆಯಬೇಕಾಯಿತು.

ಈಗ ಒಳಗೆ ಎರಡು ಸಾಲು ವಾಹನಗಳು ಎದುರುಬದುರಾಗಿ ಓಡಬಲ್ಲ ಎಂಟು ಮೀಟರ್ ಅಗಲದ ರಸ್ತೆಯಿದೆ. ಪ್ರಯಾಣಿಕನಿಗೆ ಕಾಣದಂತೆ, ಆ ರಸ್ತೆಯ ಕೆಳಗೇ ಇನ್ನೊಂದು ಚಿಕ್ಕ ಸುರಂಗವಿದೆ. ಬೆಂಕಿ ಅಪಘಾತಗಳಾದಾಗ ಜನ ಪಾರಾಗಿ ಹೋಗಲು ಮಾಡಿದ ದಾರಿ ಅದು. 150 ಮೀಟರಿಗೊಂದು ದೂರವಾಣಿ, 60 ಮೀಟರಿಗೊಂದು ಅಗ್ನಿಶಾಮಕ ನಲ್ಲಿ, ಕಿಲೋಮೀಟರಿಗೊಮ್ಮೆ ಗಾಳಿಯ ಗುಣವನ್ನು ಅಳೆಯುವ ಉಪಕರಣ. ಮನಾಲಿ-ಲೇಹ್ ದಾರಿಯಲ್ಲಿ 46 ಕಿಲೋಮೀಟರುಗಳೂ ನಾಲ್ಕೈದು ಗಂಟೆಗಳೂ ಇದರಿಂದ ಉಳಿದವು.

ಗೆಡ್ಡೆಯ ಮೂಟೆ, ರೋಗಿಯ ಮಂಚ

ಲಾಹೌಲಿನ ಆಲೂಗಡ್ಡೆ ತಿನ್ನುವುದಕ್ಕಿಂತ ಹೆಚ್ಚಾಗಿ ಬಿತ್ತುವುದಕ್ಕೆ ಪ್ರಸಿದ್ಧ. ಈ ಚಳಿಯಲ್ಲಿ, ಈ ಒಣಗಾಳಿಯಲ್ಲಿ, ಗಿಡದಿಂದ ಗಿಡಕ್ಕೆ ನಂಜುರೋಗವನ್ನು ಹೊತ್ತೊಯ್ಯುವ ಹೇನುಗಳ ಕಾಟ ಕಡಮೆ. ಹಾಗಾಗಿ ಇಲ್ಲಿಯ ಗೆಡ್ಡೆ ಶುದ್ಧ ಬೀಜವೆನಿಸಿತು. ಜಲಂಧರದ ಬಿತ್ತನೆ ಗೆಡ್ಡೆಯ ಗುಣವನ್ನೂ ಬೆಲೆಯನ್ನೂ ಪ್ರತಿವರ್ಷ ಎದೆ ಡವಗುಟ್ಟಿಸಿಕೊಂಡು ಕಾಯುವ ಹಾಸನದ ರೈತನಿಗೆ ಇದರ ಮಹತ್ತ್ವವನ್ನು ಬಿಡಿಸಿ ಹೇಳಬೇಕಾದುದಿಲ್ಲ. 1966ರಷ್ಟು ಹಿಂದೆಯೇ ಬೆಳೆಗಾರರು ತಮ್ಮದೇ ಸಹಕಾರ ಸಂಘವನ್ನು ಕಟ್ಟಿಕೊಂಡರು.

ಆದರೆ ಬೆಳೆ ಕೈಗೆ ಬರುವ ಹೊತ್ತಿಗೇ ಘಾಟಿ ಮುಚ್ಚುವ ಹೊತ್ತೂ ಹತ್ತಿರವಾಗುತ್ತಿತ್ತು. ಒಂದು ವಾರ ಮೊದಲು ಹಿಮ ಬಿದ್ದರೆ ಲಾರಿ ಬಾರದು. ಲಾರಿ ಬಾರದಿದ್ದರೆ ವರ್ಷದ ದುಡಿಮೆ ಹೊಲದಲ್ಲಿಯೇ ಕೊಳೆಯುವುದು. ಇದನ್ನು ಬಲ್ಲ ವ್ಯಾಪಾರಿ ಹೇಳಿದ್ದೇ ಬೆಲೆ. ಸುರಂಗದಿಂದ ರೈತನಿಗೆ ದೊರೆತ ಮೊದಲ ಲಾಭ ಹಣವಲ್ಲ. ಈ ಬೆಲೆ ಬೇಡ, ನಾಳೆ ನೋಡೋಣ ಎನ್ನುವ ಧೈರ್ಯ.

ರೋಗಿಗಳ ವಿಷಯ ಇನ್ನೂ ಸ್ಪಷ್ಟ. ಉದ್ಘಾಟನೆಗೆ ಮುಂಚೆಯೇ, ಅರೆಸಿದ್ಧವಾದ ಸುರಂಗದೊಳಗಿಂದ ಅವರನ್ನು ಸಾಗಿಸಿದ್ದುಂಟು. ಈಗ ಕೇಲಾಂಗಿನಿಂದ ಹೊರಟ ಗಾಡಿ, ರಸ್ತೆ ತೆರವಾಗಿದ್ದರೆ, ಜನವರಿಯಲ್ಲಿಯೂ ಕೆಲವೇ ಗಂಟೆಗಳಲ್ಲಿ ಕುಲ್ಲುವನ್ನು ಮುಟ್ಟಬಲ್ಲದು. ಮೊದಲು ಚಳಿಗಾಲ ಬಂದೊಡನೆ ಬಾಗಿಲಿಗೆ ಬೀಗ ಜಡಿದು ಕುಲ್ಲುವಿಗೆ ಇಳಿದುಹೋಗುತ್ತಿದ್ದ ಕುಟುಂಬಗಳು ಊರಿನಲ್ಲಿಯೇ ಉಳಿಯುವುದು ಸಾಧ್ಯವಾಗಿದೆ.

ಬಂದವರ ಮಹಾಪೂರ

ಸುರಂಗ ಎರಡೂ ಕಡೆ ತೆರೆದಿರುತ್ತದಲ್ಲವೆ? ರೋಗಿ ಹೊರಟ ದಾರಿಯಲ್ಲಿಯೇ ಪ್ರವಾಸಿ ಬಂದನು. ಮನಾಲಿಯಲ್ಲಿ ತಿಂಡಿ ತಿಂದು, ಸಿಸ್ಸುವಿನಲ್ಲಿ ಹಿಮ ಮುಟ್ಟಿ, ಸಂಜೆಗೆ ಹಿಂದಿರುಗುವುದು ಈಗ ಯಾರಿಗೂ ಸಾಧ್ಯ. ದಿನಕ್ಕೆ 3,000 ಕಾರುಗಳಿಗೂ 1,500 ಲಾರಿಗಳಿಗೂ ಎಂದು ಯೋಜಿಸಿದ್ದ ಸುರಂಗದಲ್ಲಿ 2023ರ ಕ್ರಿಸ್‌ಮಸ್ ಮುನ್ನಾದಿನ 28,000ಕ್ಕೂ ಹೆಚ್ಚು ವಾಹನಗಳು ಹಾದುಹೋದವು. ಅದೇ ದಿನಗಳಲ್ಲಿ ಒಬ್ಬನು ದಟ್ಟಣೆಯಿಂದ ತಪ್ಪಿಸಿಕೊಳ್ಳಲು ಚಂದ್ರಾ ನದಿಯೊಳಗೇ ಜೀಪು ಓಡಿಸಿ ಪೊಲೀಸರಿಗೆ ದಂಡ ತೆತ್ತನು.

ಮೇಲಿನ ಘಾಟಿಯ ವಿಷಯದಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಮೊದಲೇ ಎಚ್ಚೆತ್ತು, ಹಿಮದ ಮೇಲೆ ಕೂರುವ ಹೊಗೆಯ ಮಸಿಗೆ ಅಂಜಿ, ದಿನಕ್ಕೆ 1,200 ಪ್ರವಾಸಿ ವಾಹನಗಳೆಂದು ಮಿತಿ ಹಾಕಿತ್ತು. ಸುರಂಗಕ್ಕೆ ಅಂತಹ ಮಿತಿಯಿಲ್ಲ.

ಮಹಾಪೂರದ ಪರಿಣಾಮ ದೊಡ್ಡ ಸಂಗತಿಗಳಲ್ಲಿ ಅಲ್ಲ, ಮನೆಯ ಹಿತ್ತಲಲ್ಲಿ ಮೊದಲು ಕಾಣಿಸಿಕೊಳ್ಳುತ್ತದೆ. ಲಾಹೌಲಿನ ಹಳೆಯ ಮನೆಗಳಲ್ಲಿ ಶೌಚಕ್ಕೆ ನೀರಿನ ಬಳಕೆಯಿಲ್ಲ. ಮೇಲಿನ ಕೋಣೆಯಿಂದ ಕೆಳಗೆ ಬಿದ್ದುದರ ಮೇಲೆ ಮಣ್ಣು ಬೂದಿಗಳನ್ನು ಎಳೆದು, ಮಾಗಿದ ಮೇಲೆ ವಸಂತದಲ್ಲಿ ಹೊಲಕ್ಕೆ ಸಾಗಿಸುತ್ತಾರೆ. ಮಳೆ ವಿರಳವಾದ, ಚಳಿಗಾಲದಲ್ಲಿ ಕೊಳವೆಯ ನೀರು ಕಲ್ಲಾಗುವ ಸೀಮೆಯಲ್ಲಿ ಇದಕ್ಕಿಂತ ವಿವೇಕದ ಏರ್ಪಾಡು ಮತ್ತೊಂದಿಲ್ಲ. ಪ್ರವಾಸಿಗೋ ನೀರು ಸುರಿಯುವ ಶೌಚಾಲಯವೇ ಬೇಕು. ಹೊಲಕ್ಕೆ ಹೋಗಬೇಕಾದ ಹಿಮನೀರು ಅತಿಥಿಯ ತೊಟ್ಟಿಗೆ ಹೋಗುತ್ತದೆ. ಹೊಲಕ್ಕೆ ಹೋಗಬೇಕಾದ ಗೊಬ್ಬರ ಗುಂಡಿಯಲ್ಲಿ ಉಳಿಯುತ್ತದೆ. ಆದಾಯ ಬಂದುದು ನಿಜ. ಅದಕ್ಕೆ ತೆತ್ತ ಬೆಲೆಯೂ ನಿಜ.

ನೆಲ ಮಾತ್ರ ಕೈಬಿಟ್ಟಿಲ್ಲ

ಇಂತಹ ಊರುಗಳಲ್ಲಿ ಸಾಮಾನ್ಯವಾಗಿ ನಡೆಯುವ ಒಂದು ಅನಾಹುತ ಇಲ್ಲಿ ತಪ್ಪಿದೆ. ಲಾಹೌಲ್-ಸ್ಪಿತಿ ಸಂವಿಧಾನದ ಐದನೆಯ ಅನುಸೂಚಿಗೆ ಸೇರಿದ ಪ್ರದೇಶ. 1968ರ ಕಾನೂನಿನಂತೆ ಬುಡಕಟ್ಟಿನವರ ಭೂಮಿಯನ್ನು ಸರ್ಕಾರದ ಅನುಮತಿಯಿಲ್ಲದೆ ಹೊರಗಿನವರಿಗೆ ಪರಭಾರೆ ಮಾಡುವಂತಿಲ್ಲ. ನಗರದ ಹಣವಂತನು ಇಲ್ಲಿಗೆ ಅತಿಥಿಯಾಗಿ ಬರಬಹುದು, ಒಡೆಯನಾಗಿ ಬರಲಾರನು. ಹೋಂಸ್ಟೇ ನಡೆಸುವವರು ಬಹುಮಟ್ಟಿಗೆ ಆ ಮನೆಯವರೇ. ಬೆಳಗ್ಗೆ ಹೊಲದಲ್ಲಿ ಬಟಾಣಿ ಬಿಡಿಸಿದ ಕೈಯೇ ಸಂಜೆ ಅತಿಥಿಗೆ ಉಪ್ಪುಬೆಣ್ಣೆಯ ಚಹಾ ಕೊಡುತ್ತದೆ. ಯಾರನ್ನು, ಯಾವಾಗ, ಎಷ್ಟು ಮಂದಿಯನ್ನು ಬರಮಾಡಿಕೊಳ್ಳಬೇಕೆಂದು ಹೇಳುವ ಅಧಿಕಾರ ಊರಿನವರಲ್ಲಿ ಉಳಿದುದಕ್ಕೆ ನೆಲದ ಈ ಒಡೆತನವೇ ಮೂಲ.

ಪರ್ವತದ ಕೊನೆಯ ಮಾತು

ಸುರಂಗದಿಂದ ಲಡಾಖಿನ ದಾರಿ ವರ್ಷವಿಡೀ ತೆರೆಯಿತೆಂದು ಹಲವರು ಭಾವಿಸಿದ್ದಾರೆ, ಅದು ಸರಿಯಲ್ಲ. ಕೇಲಾಂಗಿನಿಂದ ಮುಂದೆ, 4,890 ಮೀಟರ್ ಎತ್ತರದ ಬಾರಾಲಾಚಾ ಘಾಟಿ ಚಳಿಗಾಲದಲ್ಲಿ ಇಂದಿಗೂ ಮುಚ್ಚುತ್ತದೆ. ಅದನ್ನು ತಪ್ಪಿಸಿ ಝಂಸ್ಕಾರಿನ ಮೂಲಕ ಹೋಗಲೆಂದು ಶಿಂಕು ಲಾ ಎಂಬಲ್ಲಿ, 15,800 ಅಡಿ ಎತ್ತರದಲ್ಲಿ, 4.1 ಕಿಲೋಮೀಟರ್ ಉದ್ದದ ಮತ್ತೊಂದು ಸುರಂಗಕ್ಕೆ 2024ರ ಜುಲೈ 26ರಂದು ಮೊದಲ ಸಿಡಿಮದ್ದು ಹಾರಿತು.

ಸುರಂಗದ ಒಳಗು ಸುರಕ್ಷಿತವಾದರೂ ಅದರ ಬಾಯಿಗಳು ಬೆಟ್ಟಕ್ಕೇ ತೆರೆದಿವೆ. ಭಾರಿ ಹಿಮ ಬಿದ್ದಾಗ ಮನಾಲಿಯ ಕಡೆಯ ದಾರಿ ಹಿಮಪ್ರವಾಹದ ಭಯದಿಂದ ಮುಚ್ಚುತ್ತದೆ. 2021ರ ಜುಲೈನಲ್ಲಿ ಲಾಹೌಲಿನ ತೋಜಿಂಗ್ ನಾಲೆ ಉಕ್ಕಿ ಜೀವಹಾನಿಯಾಯಿತು; 2023ರ ಜುಲೈನಲ್ಲಿ ಬಿಯಾಸ್ ತಾನೇ ಹೆದ್ದಾರಿಯನ್ನು ಕೊಚ್ಚಿಕೊಂಡು ಹೋದಾಗ, ಸುರಂಗ ಸರಿಯಾಗಿದ್ದರೂ ಅದರವರೆಗೆ ಹೋಗುವ ದಾರಿಯೇ ಇಲ್ಲದಾಯಿತು.

ಒಳಗಿನಿಂದ ಹಾಕಿದ ಚಿಲಕ

ಪುಷ್ಯ ಮಾಘಗಳ ನಡುವೆ ಲಾಹೌಲಿನಲ್ಲಿ ಹಬ್ಬಗಳ ಕಾಲ. ಹಾಲ್ಡಾ ಹಬ್ಬದ ರಾತ್ರಿ ಪ್ರತಿಯೊಂದು ಮನೆಯಿಂದಲೂ ಸುಗಂಧದ ಕಟ್ಟಿಗೆಯನ್ನು ಸೀಳಿ ಕಟ್ಟಿದ ಪಂಜುಗಳು ಹೊರಡುತ್ತವೆ. ಹಿಮದ ಮೇಲೆ ಸಾಲುಗಟ್ಟಿ ಸಾಗಿ, ಊರಿನ ಒಂದು ನಿಯತ ಸ್ಥಳದಲ್ಲಿ ಎಲ್ಲವೂ ಕೂಡಿ ಒಂದೇ ಬೆಂಕಿಯಾಗುತ್ತವೆ. ಹಬ್ಬದ ಈ ದಿನಗಳಲ್ಲಿ ಕಣಿವೆಯಲ್ಲಿ ಗದ್ದಲವಾದರೆ ದೇವತೆಗಳಿಗೆ ಸಲ್ಲದೆಂಬುದು ಹಿರಿಯರ ನಂಬಿಕೆ. ಸಿಸ್ಸುವಿನಲ್ಲಿ ಗುಡಿಯಿರುವ ರಾಜಾ ಘೇಪನ್ ಇಡೀ ಲಾಹೌಲಿಗೆ ಅಧಿದೈವ.

ಹಿಂದೆ ಈ ಮೌನವನ್ನು ಕಾಯಲು ಯಾರೂ ಬೇಕಾಗಿರಲಿಲ್ಲ, ಹಿಮವೇ ಕಾಯುತ್ತಿತ್ತು. ಈಗ ಹಬ್ಬದ ಪಕ್ಕದಲ್ಲಿಯೇ ಹಿಮದ ಸ್ಕೂಟರುಗಳ ಅಬ್ಬರವೂ ಕಾರಿನ ಸಂಗೀತವೂ ಬಂದು ನಿಂತುವು. ಆಗ ಸಿಸ್ಸು ಪ್ರದೇಶದ ಪಂಚಾಯಿತಿಗಳು ಕೂಡಿ, ಜನವರಿ ಫೆಬ್ರವರಿಗಳಲ್ಲಿ ಹಬ್ಬ ಮುಗಿಯುವವರೆಗೆ ತಮ್ಮ ಸೀಮೆಯಲ್ಲಿ ಪ್ರವಾಸದ ವ್ಯವಹಾರಗಳನ್ನು ನಿಲ್ಲಿಸುವ ಕ್ರಮವನ್ನು ಕೈಗೊಂಡವು. ವಸತಿಗೃಹದವರೂ ಅಂಗಡಿಯವರೂ ಅದೇ ಊರಿನವರು, ನಷ್ಟವಾಗುವುದೂ ಅವರಿಗೇ. ಹಾಗಿದ್ದೂ ಅವರು ಚಿಲಕ ಹಾಕಿದರು.

ಚಿಲಕ ಹೊರಗೆ ಇದ್ದಾಗ ಮನೆ ಸೆರೆಯಾಗುತ್ತದೆ. ಒಳಗೆ ಇದ್ದಾಗಲೇ ಮನೆ ಮನೆಯಾಗುವುದು. ಸುರಂಗವು ಲಾಹೌಲಿಗೆ ಕೊಟ್ಟ ಬಾಗಿಲಿಗೆ ಈ ಒಳಚಿಲಕವನ್ನು ಎಂಜಿನಿಯರುಗಳು ಕೂರಿಸಿಕೊಡಲಿಲ್ಲ. ಅದನ್ನು ಊರೇ ಮಾಡಿಕೊಳ್ಳಬೇಕಾಯಿತು. ಬೆಂಗಳೂರಿನಿಂದಲೋ ಹುಬ್ಬಳ್ಳಿಯಿಂದಲೋ ಚಳಿಗಾಲದಲ್ಲಿ ಹೊರಟವರು ಮನಾಲಿಯಲ್ಲಿಯೇ ಒಮ್ಮೆ ವಿಚಾರಿಸಿ ಮುಂದೆ ಹೋಗುವುದು ಒಳಿತು. ಹಿಮವು ದಾರಿ ಮುಚ್ಚಿದ ಕಾಲದಲ್ಲಿ ಯಾತ್ರಿಕರು ಅದರೊಡನೆ ವಾದಕ್ಕೆ ನಿಂತವರಲ್ಲ. ಈಗ ಊರು ಮುಚ್ಚಿದೆಯೆಂದು ತಿಳಿದಾಗಲೂ ಅದೇ ಮರ್ಯಾದೆಯಿಂದ ಗಾಡಿ ತಿರುಗಿಸಿದರೆ ಸಾಕು. ಪಂಜುಗಳೆಲ್ಲ ಕೂಡಿ ಒಂದು ಬೆಂಕಿಯಾಗುವ ಆ ರಾತ್ರಿ ಊರಿನವರಿಗೇ ಇರಲಿ.